ಕ್ಯಾಸನೂರಿನ ಕಾಡು, ಪುಣೆಯ ಪ್ರಯೋಗಾಲಯ

(ಸಂಘದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



‘ಜೀವವಿಜ್ಞಾನ: ಸಂಶೋಧನೆ ಮತ್ತು ಶಿಕ್ಷಣ’ ಎಂಬ ವಿಷಯವನ್ನು ಸಂಘವು ನನಗೆ ಒಪ್ಪಿಸಿದೆ. ವಿಷಯ ಸಮುದ್ರದಷ್ಟು ವಿಶಾಲವಾದದ್ದು. ನನಗೆ ದೊರೆತಿರುವುದು ಮುಕ್ಕಾಲು ಗಂಟೆ. ಡಾರ್ವಿನ್ನನಿಂದ ತೊಡಗಿ ಜೀನ್ ತಂತ್ರಜ್ಞಾನದವರೆಗೆ ಒಂದೇ ಉಸಿರಿನಲ್ಲಿ ಓಡಿ, ಕಡೆಯಲ್ಲಿ ‘ವಿಜ್ಞಾನವು ವರವೂ ಹೌದು, ಶಾಪವೂ ಹೌದು’ ಎಂದು ಹೇಳಿ ಕುಳಿತುಕೊಳ್ಳುವ ಭಾಷಣಗಳನ್ನು ನಾವೆಲ್ಲರೂ ಬೇಕಾದಷ್ಟು ಕೇಳಿದ್ದೇವೆ. ಆ ಸಾಲಿಗೆ ಇನ್ನೊಂದನ್ನು ಸೇರಿಸುವ ಹಂಬಲ ನನಗಿಲ್ಲ. ಈ ಊರಿನ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಪ್ರಾಣಿಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು ನಾನು. ಹುಟ್ಟಿದ್ದು ಸಾಗರ ತಾಲ್ಲೂಕಿನಲ್ಲಿ. ಈ ಎರಡು ಊರುಗಳನ್ನು, ಎಂದರೆ ಪುಣೆಯನ್ನೂ ನಮ್ಮ ಮಲೆನಾಡನ್ನೂ, ಅರುವತ್ತು ವರ್ಷಗಳಿಗೂ ಮೀರಿ ಒಂದಕ್ಕೊಂದು ಕಟ್ಟಿಹಾಕಿರುವ ಒಂದು ಕಾಯಿಲೆಯಿದೆ. ಅದರ ಕಥೆಯನ್ನಷ್ಟೇ ಹೇಳುತ್ತೇನೆ. ಸಂಶೋಧನೆ, ಶಿಕ್ಷಣ ಎಂಬ ಎರಡು ಮಾತುಗಳ ಅರ್ಥ ಅದರೊಳಗೇ ಬರುತ್ತದೆಂದು ನನ್ನ ನಂಬಿಕೆ.

ಒಳನಾಡಿನ ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಪ್ರಪಂಚದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರು. ಸೊರಬ ತಾಲ್ಲೂಕಿನ ಒಂದು ಪುಟ್ಟ ಕಾಡಿನ ಹೆಸರು ಹೀಗೆ ಲೋಕಪ್ರಸಿದ್ಧವಾಯಿತು. ಕೀರ್ತಿಯೆಂದು ಹೇಳಿಕೊಳ್ಳುವಂತಹದ್ದಲ್ಲ, ನಿಜ.

1957ರ ಬೇಸಗೆ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳುತ್ತಿವೆ ಎಂಬ ಸುದ್ದಿ ಹರಡಿತು. ಅದೇ ಕಾಡಿಗೆ ಸೌದೆಗೆಂದು, ಸೊಪ್ಪಿಗೆಂದು ಹೋಗಿಬರುತ್ತಿದ್ದ ಜನರಿಗೆ ಇದ್ದಕ್ಕಿದ್ದಂತೆ ಉರಿಜ್ವರ, ತಲೆ ಸಿಡಿಯುವಂಥ ನೋವು, ಮೈಕೈಯೆಲ್ಲ ಹಿಂಡಿದಂತಹ ಯಾತನೆ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ವಿಷಮಶೀತ ಜ್ವರವಿರಬೇಕೆಂದು ಮೊದಲು ಭಾವಿಸಿದ್ದರು. ಆದರೆ ವಿಷಮಶೀತ ಜ್ವರದಿಂದ ಮಂಗಗಳೇಕೆ ಸಾಯಬೇಕು? ಈ ಪ್ರಶ್ನೆ ಪುಣೆಗೆ ಬಂದು ಮುಟ್ಟಿತು. ಇಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದವು. ನಿಮ್ಮಲ್ಲಿ ಅನೇಕರು ದಿನವೂ ಹಾದುಹೋಗುವ ಅಂಬೇಡ್ಕರ್ ರಸ್ತೆಯಲ್ಲಿರುವ ಸಂಸ್ಥೆಯೇ ಅದು. 1978ರಿಂದ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎನಿಸಿಕೊಂಡಿದೆ.

ಪುಣೆಯ ವಿಜ್ಞಾನಿಗಳಿಗೆ ಮೊದಲು ಹುಟ್ಟಿದ್ದು ಭಯ. ಮಂಗಗಳು ಸಾಯುವ, ಮನುಷ್ಯರಿಗೆ ರಕ್ತಸ್ರಾವದ ಜ್ವರ ಬರುವ ಒಂದು ಪ್ರಸಿದ್ಧ ರೋಗ ಆಫ್ರಿಕದಲ್ಲೂ ದಕ್ಷಿಣ ಅಮೆರಿಕದಲ್ಲೂ ಇದೆ: ಹಳದಿ ಜ್ವರ. ಅದು ಏಷ್ಯಾಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಮನೆಮನೆಯಲ್ಲೂ ಇದೆ. ಅದು ಬಂದೇಬಿಟ್ಟಿದ್ದರೆ ಈ ದೇಶದ ಗತಿಯೇನೆಂದು ಊಹಿಸಿಕೊಳ್ಳಿ. ಕೇಂದ್ರದ ಅಂದಿನ ನಿರ್ದೇಶಕ ಟೆಲ್‌ಫರ್ಡ್ ವರ್ಕ್ ಮತ್ತು ಅವನ ಸಂಗಡಿಗರು ಸೊರಬದ ಕಾಡಿಗೆ ಧಾವಿಸಿ, ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಮಾದರಿಗಳನ್ನು ತಂದು ಪರೀಕ್ಷಿಸಿದಾಗ ದೊರೆತದ್ದು ಹಳದಿ ಜ್ವರದ ವೈರಾಣುವಲ್ಲ, ಅದರ ದೂರದ ದಾಯಾದಿ. ರಷ್ಯಾ, ಸೈಬೀರಿಯಗಳ ಶೀತಲ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ನೆಂಟ. ಅಲ್ಲಿಯವರೆಗೆ ಲೋಕಕ್ಕೆ ಗೊತ್ತಿರದಿದ್ದ ಹೊಸ ವೈರಾಣು. ಆ ವರ್ಷ ಪ್ರಕಟವಾದ ಪ್ರಬಂಧದಲ್ಲಿ ವರ್ಕ್, ಟ್ರಾಪಿಡೋ ಎಂಬ ಹೆಸರುಗಳ ಬಳಿಯಲ್ಲೇ ನರಸಿಂಹಮೂರ್ತಿ, ಲಕ್ಷ್ಮಣರಾವ್, ಕುಲಕರ್ಣಿ ಎಂಬ ಹೆಸರುಗಳನ್ನೂ ಕಂಡು ನನಗೆ ವಿದ್ಯಾರ್ಥಿದೆಸೆಯಲ್ಲಿ ಆಗಿದ್ದ ಹಿಗ್ಗನ್ನು ಇಂದು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ.

ಉಣುಗು ಎಂದೆ. ಊರಿಂದೂರಿಗೆ ಉಣ್ಣೆ, ಉಣ್ಣಿ, ಉಣುಗು ಎಂದು ಹೆಸರು ಬದಲಾಗುತ್ತದೆ. ದನದ ಕಿವಿಯಲ್ಲಿ, ಕೆಚ್ಚಲ ಬುಡದಲ್ಲಿ ಕಚ್ಚಿಕೊಂಡಿರುವ ಅದೇ ಹುಳು. ಹುಳು ಎಂದದ್ದು ಮಾತಿಗೆ; ಅದು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದ್ದು. ಮೊಟ್ಟೆಯೊಡೆದ ಮರಿಗೆ ಆರು ಕಾಲು. ಒಂದು ಸಲ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಮತ್ತೊಮ್ಮೆ ರಕ್ತ, ಮತ್ತೊಮ್ಮೆ ಪೊರೆ, ಆಗ ಪ್ರೌಢ. ಮೂರು ಹಂತ, ಮೂರು ಊಟ, ಮೂರು ಬೇರೆಬೇರೆ ಆತಿಥೇಯರು. ಊಟ ಮುಗಿದೊಡನೆ ಆತಿಥೇಯನನ್ನು ಬಿಟ್ಟು ತರಗೆಲೆಯ ಹಾಸಿಗೆ ಬೀಳುತ್ತದೆ. ಈ ಜೀವನಕ್ರಮದಲ್ಲಿಯೇ ಕಾಯಿಲೆಯ ಗುಟ್ಟೆಲ್ಲ ಅಡಗಿದೆ. ಮರಿಯಾಗಿದ್ದಾಗ ಸೋಂಕಿನ ಮಂಗದಿಂದ ಕುಡಿದ ವೈರಾಣುವನ್ನು ಅದು ಪೊರೆ ಕಳಚಿದ ಮೇಲೂ ತನ್ನೊಳಗೆ ಉಳಿಸಿಕೊಳ್ಳುತ್ತದೆ. ಕಾಡಿನ ಇಲಿ, ಸುಂಡಿಲಿ, ಅಳಿಲುಗಳ ಮೈಯಲ್ಲಿ ಆ ವೈರಾಣು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗದೊಳಕ್ಕೆ ಹೊಕ್ಕಾಗ ಮಾತ್ರ ಅದು ಸಾವಿರಪಾಲಾಗಿ ಹೆಚ್ಚಿ ಮಂಗನನ್ನು ಕೊಲ್ಲುತ್ತದೆ; ಸತ್ತ ಮಂಗದ ಮೈ ತಣ್ಣಗಾದೊಡನೆ ಉಣುಗುಗಳೆಲ್ಲ ಇಳಿದು ಆ ಜಾಗದ ಸುತ್ತ ಹರಡಿಕೊಳ್ಳುತ್ತವೆ. ಎಳೆಯ ಉಣುಗುಗಳ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಲೆನಾಡಿನವನು ಕಾಡಿಗೆ ಹೋಗುವ ಕಾಲವೂ ಅದೇ: ಗದ್ದೆಯ ಕೊಯ್ಲು ಮುಗಿದಿರುತ್ತದೆ, ಮಳೆಗಾಲಕ್ಕೆ ಸೌದೆ ಬೇಕು, ತೋಟಕ್ಕೂ ಕೊಟ್ಟಿಗೆಗೂ ಸೊಪ್ಪಿನಬೆಟ್ಟದ ದರಗು ಬೇಕು. ಎಳ್ಳಿನ ಕಾಳಿನಷ್ಟು ಕೂಡ ಇಲ್ಲದ ಆ ಎಳೆಯ ಉಣುಗು ಕಚ್ಚಿದ್ದು ತಿಳಿಯುವುದೂ ಇಲ್ಲ. ಮೂರರಿಂದ ಎಂಟು ದಿನಕ್ಕೆ ಜ್ವರ. ನೂರು ರೋಗಿಗಳಲ್ಲಿ ಮೂವರಿಂದ ಐವರು ಸಾಯುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ವೈರಾಣುವಿನ ಪಾಲಿಗೆ ನಾವು ಕುರುಡು ಓಣಿ.

ಇಷ್ಟನ್ನು ಕಂಡುಕೊಳ್ಳಲು ಹಿಡಿದ ಶ್ರಮವನ್ನು ನೆನೆಯಬೇಕು. ಸಾಗರದಲ್ಲಿ ಪುಣೆ ಕೇಂದ್ರದ ಕ್ಷೇತ್ರ ಠಾಣೆಯೊಂದಿತ್ತು. ಕಾಡಿನ ನೆಲದ ಮೇಲೆ ಬಟ್ಟೆಯನ್ನೆಳೆದುಕೊಂಡು ಹೋಗಿ, ಅದಕ್ಕೆ ಅಂಟಿಕೊಂಡ ಉಣುಗುಗಳನ್ನು ಒಂದೊಂದಾಗಿ ಚಿಮುಟದಿಂದ ಹೆಕ್ಕಿ, ಜಾತಿ ಗುರುತಿಸಿ, ಅರೆದು ಪರೀಕ್ಷಿಸುವುದು. ಇದು ಒಂದು ದಿನದ್ದಲ್ಲ, ವರ್ಷಗಟ್ಟಲೆಯ ಕೆಲಸ. ಪ್ರಯೋಗಾಲಯದೊಳಗೇ ನೂರಕ್ಕೂ ಮಿಕ್ಕಿ ಕೆಲಸಗಾರರಿಗೆ ಈ ಜ್ವರ ತಗುಲಿದ ದಾಖಲೆಯಿದೆ. ಆ ಬಟ್ಟೆಯನ್ನೆಳೆದವರಲ್ಲಿ, ಮಂಗದ ಶವ ಎಲ್ಲಿ ಬಿದ್ದಿದೆಯೆಂದು ಹುಡುಕಿ ತೋರಿಸಿದವರಲ್ಲಿ ಹೆಚ್ಚಿನವರು ಆ ಕಾಡಿನಂಚಿನ ಜನರೇ. ಯಾವ ಹಕ್ಕೆಯ ಮರದಲ್ಲಿ ಯಾವ ಮಂಗನ ಹಿಂಡು ಇರುಳು ಕಳೆಯುತ್ತದೆಂಬುದು ಯಾವ ಗ್ರಂಥದಲ್ಲೂ ಇರಲಿಲ್ಲ, ಅವರಲ್ಲಿತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಓದಿದವರಿಗೆ ಮಂದಣ್ಣನ ನೆನಪಾದೀತು. ಕಾದಂಬರಿಯಲ್ಲಿ ವಿಜ್ಞಾನಿ ಆ ಹಳ್ಳಿಗನ ಕಣ್ಣಿನ ಬೆಲೆಯನ್ನು ಅರಿತಿದ್ದ. ಪ್ರಬಂಧಗಳ ಕೊನೆಯ ಕೃತಜ್ಞತೆಯ ಸಾಲುಗಳಲ್ಲಿ ಅಂಥ ಅರಿವನ್ನು ನಾನು ಬಹಳ ಹುಡುಕಿದ್ದೇನೆ, ದೊರೆತದ್ದು ಕಡಿಮೆ.

ಇನ್ನು ವೈರಾಣು ಎಲ್ಲಿಂದ ಬಂತು? ಸೈಬೀರಿಯದ ವೈರಾಣುವಿನ ನೆಂಟನಾದ್ದರಿಂದ ಅಲ್ಲಿಂದ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳೊಡನೆ ಬಂದಿರಬಹುದೆಂಬ ಊಹೆ ಹುಟ್ಟಿತು. ಅದನ್ನು ಪರೀಕ್ಷಿಸಲು ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1960ರ ಸುಮಾರಿಗೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನೇ ಕೈಗೊಂಡಿತು. ಹಕ್ಕಿಗಳ ಮೇಲಣ ಆರೋಪ ಸಾಬೀತಾಗಲಿಲ್ಲ. ಆದರೆ ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗಕ್ಕೆ ಆ ತಪ್ಪಿದ ಊಹೆಯೇ ತಳಹದಿಯಾಯಿತು! ಸಂಶೋಧನೆಗೆ ಹಣ ಕೊಡುವವರು ಮೊದಲೇ ಫಲವನ್ನು ಬರೆದುಕೊಡಿ ಎಂದು ಕೇಳುವ ಇಂದಿನ ದಿನಗಳಲ್ಲಿ ಇದನ್ನು ನೆನಪಿಸುವುದು ಅಗತ್ಯವೆನಿಸುತ್ತದೆ. ಅದೇ ಯೋಜನೆಗೆ ಅಮೆರಿಕದ ಸೇನೆಗೆ ಸಂಬಂಧಿಸಿದ ಹಣವೂ ಬಂದಿತ್ತೆಂಬ ವಿಷಯ ಹೊರಬಿದ್ದು 1970ರ ದಶಕದ ನಡುವೆ ಸಂಸತ್ತಿನ ಸಮಿತಿ ಕಟುವಾದ ಪ್ರಶ್ನೆಗಳನ್ನು ಕೇಳಿತು. ಕೇಳಬೇಕಾದದ್ದೇ. ವಿಜ್ಞಾನಕ್ಕೆ ದೇಶವಿಲ್ಲ ಎಂಬ ಮಾತು ಎಷ್ಟು ನಿಜವೋ, ಹಣಕ್ಕೆ ಮನೆಯಿದೆ ಎಂಬ ಮಾತೂ ಅಷ್ಟೇ ನಿಜ. ಮುಂದೆ 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಅಲ್‌ಖುರ್ಮಾ ಎಂಬ ಹೆಸರಿನ ಇನ್ನೊಂದು ವೈರಾಣು ಪತ್ತೆಯಾಗಿ, ಅದೇ ನಮ್ಮ ಕ್ಯಾಸನೂರಿನದಕ್ಕೆ ಅತ್ಯಂತ ಸಮೀಪದ ಬಂಧುವೆಂದು ತಿಳಿದುಬಂತು. ನೆಂಟಸ್ತಿಕೆಯ ಲೆಕ್ಕ ಮತ್ತೆ ಹೊಸದಾಯಿತು.

ನನ್ನ ದೃಷ್ಟಿಯಲ್ಲಿ ಈ ಕಥೆಯ ಅತಿ ಮುಖ್ಯ ಭಾಗ ಹಕ್ಕಿಗಳದ್ದಲ್ಲ, ದನಗಳದ್ದು. ಕೊಲಂಬಿಯದವನಾದ ಬೊಶೆಲ್ ಎಂಬ ವಿಜ್ಞಾನಿ ಪುಣೆಯ ಕೇಂದ್ರದಲ್ಲಿದ್ದುಕೊಂಡು ಆ ಕಾಡನ್ನು ಬಹುಕಾಲ ನೋಡಿ, 1969ರಲ್ಲಿ ಒಂದು ವಿಚಾರವನ್ನು ಮಂಡಿಸಿದ. ಕಾಡು ಕಡಿದು ಗದ್ದೆ ಮಾಡುತ್ತಾರೆ, ಗದ್ದೆಯಿದ್ದಲ್ಲಿ ದನ, ದನ ಹಗಲೆಲ್ಲ ಕಾಡಿನಂಚಿನಲ್ಲಿ ಮೇಯುತ್ತದೆ. ಕಡಿದ ಜಾಗದಲ್ಲಿ ಲಂಟಾನದ ಪೊದೆ ಎದ್ದು, ಇಲಿ ಮತ್ತು ಉಣುಗುಗಳಿಗೆ ನೆರಳಾಗುತ್ತದೆ. ಪ್ರೌಢ ಉಣುಗಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು. ಕಾಡುಪ್ರಾಣಿಗಳು ವಿರಳವಾದಲ್ಲಿ ದನವೇ ಅದಕ್ಕೆ ಅನ್ನದಾತ. ಹೊಟ್ಟೆ ತುಂಬಿದ ಹೆಣ್ಣು ಉಣುಗು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಯಿಡುತ್ತದೆ. ದನಕ್ಕೆ ಈ ಕಾಯಿಲೆ ಬಾರದು, ವೈರಾಣುವನ್ನು ಅದು ಹೆಚ್ಚಿಸುವುದೂ ಇಲ್ಲ. ಆದರೆ ಉಣುಗಿನ ಸಂತಾನವನ್ನು ಸಾಕಿ ಸಲಹುತ್ತದೆ. ಅರ್ಥಾತ್, ವೈರಾಣು ಬಹುಶಃ ಹಳೆಯದು. ಹೊಸದಾದದ್ದು ನೆಲದ ಬಳಕೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡ ಭೀಕರ ಪಿಡುಗು ಇದಕ್ಕೆ ಸಾಕ್ಷಿಯಂತಿತ್ತು: ಅಲ್ಲಿ ಗೇರುತೋಟಕ್ಕೆಂದು ಕಾಡನ್ನು ಕಡಿಯಲಾಗಿತ್ತು. ಹೀಗೆ ಒಂದು ಜ್ವರದ ಕಾರಣವನ್ನು ಹುಡುಕುತ್ತ ಹೊರಟವನು ಭೂಮಿ, ಮೇವು, ತೋಟ, ಸರಕಾರಿ ಧೋರಣೆಗಳ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇದನ್ನೇ ನಾನು ಜೀವವಿಜ್ಞಾನ ಎನ್ನುವುದು.

ಈಗ ಶಿಕ್ಷಣದ ಮಾತು.

ಕಾಲೇಜಿನಲ್ಲಿ ನಾನು ವರ್ಷವರ್ಷವೂ ಕುರಿಯ ಪಿತ್ತಜನಕಾಂಗದಲ್ಲಿರುವ ಫ್ಯಾಸಿಯೋಲ ಎಂಬ ಚಪ್ಪಟೆ ಹುಳುವಿನ ಜೀವನಚಕ್ರವನ್ನು ಕಲಿಸಿದೆ. ಮಿರಾಸಿಡಿಯಂ, ಸ್ಪೋರೊಸಿಸ್ಟ್, ರೀಡಿಯ, ಸರ್ಕೇರಿಯ ಎಂದು ಮಕ್ಕಳು ಮಂತ್ರದಂತೆ ಒಪ್ಪಿಸುತ್ತಿದ್ದರು. ಚಿತ್ರವನ್ನು ಬಣ್ಣಬಣ್ಣದ ಪೆನ್ಸಿಲಿನಲ್ಲಿ ಬರೆದು ಹತ್ತಕ್ಕೆ ಒಂಬತ್ತು ಅಂಕ ಪಡೆಯುತ್ತಿದ್ದರು. ತರಗತಿಯಿಂದ ಅನತಿದೂರದಲ್ಲಿ ಪ್ರಪಂಚವೇ ತಿರುಗಿ ನೋಡಿದ ಸಂಶೋಧನೆ ನಡೆದಿತ್ತು. ಅದರ ಕೇಂದ್ರದಲ್ಲಿದ್ದ ಉಣುಗಿನ ಜೀವನಚಕ್ರ ನಮ್ಮ ಪಠ್ಯದಲ್ಲಿರಲಿಲ್ಲ. ಒಂದು ವರ್ಷ ಪಠ್ಯವನ್ನು ಬದಿಗಿಟ್ಟು, ಬೀದಿನಾಯಿಯ ಕಿವಿಯಿಂದ ತೆಗೆದ ಉಣುಗುಗಳನ್ನು ಗಾಜಿನ ಬಟ್ಟಲಿನಲ್ಲಿಟ್ಟು, ಕಾಲುಗಳನ್ನು ಎಣಿಸಿರೆಂದು ಹೇಳಿದೆ. ಆರು ಎಂದರು ಕೆಲವರು, ಎಂಟು ಎಂದರು ಕೆಲವರು. ಜಗಳ ಹತ್ತಿತು. ಪುಸ್ತಕದಲ್ಲಿ ಎಷ್ಟಿದೆ ಸರ್ ಎಂದರು. ಬಟ್ಟಲಿನಲ್ಲಿ ಎಷ್ಟಿದೆ ನೋಡಿ ಎಂದೆ. ಎರಡೂ ಸರಿಯಿರಬಹುದೆಂಬ ಶಂಕೆ ಮೊದಲು ಹುಟ್ಟಿದ್ದು ಸಾಂಗ್ಲಿ ಜಿಲ್ಲೆಯ ಜತ್ ಕಡೆಯಿಂದ ಬಂದಿದ್ದ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ತರಗತಿಯಲ್ಲಿ ಮೌನವಾಗಿರುತ್ತಿದ್ದ ಒಬ್ಬ ಹುಡುಗಿಗೆ. ‘ಸಣ್ಣವಕ್ಕ ಆರು, ದೊಡ್ಡವಕ್ಕ ಎಂಟು ಅದಾವ್ರೀ ಸರ್’ ಎಂದಳು, ಕನ್ನಡದಲ್ಲಿ. ಅವಳ ಮನೆಯಲ್ಲಿ ಎಮ್ಮೆಗಳಿದ್ದವು. ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳೆಂದಿದ್ದರೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ತರಗತಿಗೆ ಆ ದಿನ ಲಾರ್ವ ಎಂಬ ಶಬ್ದದ ಅರ್ಥವೂ ಆಗುತ್ತಿರಲಿಲ್ಲ.

ಹೊರನಾಡಿನಲ್ಲಿ ಕನ್ನಡದ ವಿಜ್ಞಾನಪಾಠ ಇಲ್ಲವೆಂದು ಭಾವಿಸಬೇಡಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ ಭಾಗಗಳ ಕನ್ನಡ ಶಾಲೆಗಳಿಗಾಗಿ ಇದೇ ಪುಣೆಯ ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಇದನ್ನು ಈ ಸಭೆಯಲ್ಲಿ ಎಷ್ಟು ಜನ ಕೈಯಲ್ಲಿ ಹಿಡಿದು ನೋಡಿದ್ದೇವೆ? ಅಲ್ಲಿನ ಶಿಕ್ಷಕರ ಕಷ್ಟ ಬೇರೆಯೇ ಬಗೆಯದು. ಪಾರಿಭಾಷಿಕ ಪದಗಳ ಪಾಡನ್ನು ಕೇಳಿ. ಕನ್ನಡದ ‘ಜೀವಕೋಶ’ ಮರಾಠಿಯಲ್ಲಿ ‘ಪೇಶಿ’. ಇಲ್ಲಿಂದ ದೆಹಲಿಗೆ ವರ್ಗವಾದ ತಂದೆಯ ಮಗ ಹಿಂದಿ ಪುಸ್ತಕ ತೆರೆದರೆ ‘ಪೇಶಿ’ ಎಂದರೆ ಸ್ನಾಯು, ಜೀವಕೋಶವು ‘ಕೋಶಿಕಾ’. ಹೈದರಾಬಾದಿಗೆ ಹೋದರೆ ಅದೇ ‘ಕಣ’. ನಮ್ಮ ‘ಅಂಗಾಂಶ’ ಹಿಂದಿಯಲ್ಲಿ ‘ಊತಕ’, ತೆಲುಗಿನಲ್ಲಿ ‘ಕಣಜಾಲ’. ಎಲ್ಲವೂ ಸಂಸ್ಕೃತದ ಒಂದೇ ಕಣಜದಿಂದ ತೆಗೆದ ಕಾಳುಗಳೇ. ಆದರೂ ಒಬ್ಬರ ಅನ್ನ ಇನ್ನೊಬ್ಬರಿಗೆ ಒಗ್ಗದು. ಸಂಸ್ಕೃತದ ಪದಗಳನ್ನು ಬಳಸಿದರೆ ಇಡೀ ದೇಶಕ್ಕೆ ಏಕರೂಪತೆ ಬರುವುದೆಂಬ ನಮ್ಮ ಹಿರಿಯರ ವಾದಕ್ಕೆ ಹೊರನಾಡಿನ ಮಕ್ಕಳ ಪುಸ್ತಕದ ಚೀಲವೇ ಉತ್ತರ. ನಡುವೆ ಒಂದು ಮಾತು: ಹಿಂದಿ, ಮರಾಠಿಗಳು ‘ವಿಷಾಣು’ ಎನ್ನುವಲ್ಲಿ ಕನ್ನಡ ‘ವೈರಾಣು’ ಎಂದಿತು. ವೈರಸ್ಸಿನ ಧ್ವನಿಯೂ ಉಳಿಯಿತು, ವೈರಿಯ ಅರ್ಥವೂ ಬಂತು. ಇದನ್ನು ಕಟ್ಟಿದ ಪುಣ್ಯಾತ್ಮನಿಗೆ ನನ್ನ ನಮಸ್ಕಾರ.

ಹೊರನಾಡಿನ ನೆಲವು ಜೀವವಿಜ್ಞಾನಕ್ಕೆ ಬಂಜರಲ್ಲ. ಮುಂಬಯಿಯಲ್ಲಿ 1897ರ ಜನವರಿಯಲ್ಲಿ ಹಾಫ್ಕಿನ್ ತಾನು ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಅದೇ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ 1962ರಲ್ಲಿ ನೆಟ್ಟ ಅಣುಜೀವವಿಜ್ಞಾನದ ಸಸಿಯೇ ಮುಂದೆ ಬೆಂಗಳೂರಿಗೆ ಹೋಗಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಗಿ ಬೆಳೆಯಿತು. ಮೈಸೂರಿನ ಎಚ್.ವೈ. ಮೋಹನರಾಂ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರಜ್ಞರ ಹಲವು ತಲೆಮಾರುಗಳನ್ನು ರೂಪಿಸಿದರು. ಇವರೆಲ್ಲರ ನಡುವೆ ನಾನು ಮತ್ತೆ ಮತ್ತೆ ಹಿಂತಿರುಗುವುದು ಬಿ.ಜಿ.ಎಲ್. ಸ್ವಾಮಿಯವರಲ್ಲಿಗೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದು, ಪ್ರಪಂಚ ಗೌರವಿಸಿದ ಪ್ರಬಂಧಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಲೇ ‘ಹಸುರು ಹೊನ್ನು’ವನ್ನು ಕನ್ನಡದಲ್ಲಿ ಬರೆದರು, ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಸಸ್ಯಶಾಸ್ತ್ರದ ಪುಸ್ತಕಕ್ಕೆ ಸಾಹಿತ್ಯದ ಬಹುಮಾನ! ಅದನ್ನು ಅವರು ಬೆಂಗಳೂರಿನ ಯಾವುದೋ ಸಮಿತಿಯ ಆದೇಶದಂತೆ ಬರೆಯಲಿಲ್ಲ. ಹೊರನಾಡಿನಲ್ಲಿ, ಸುತ್ತಲೂ ತಮಿಳು ಕೇಳಿಸುತ್ತಿದ್ದ ಊರಿನಲ್ಲಿ ಕುಳಿತು, ಮಾತನಾಡಬೇಕೆನಿಸಿ ಬರೆದರು.

ಕ್ಯಾಸನೂರಿಗೆ ಮರಳುತ್ತೇನೆ, ಏಕೆಂದರೆ ಅಲ್ಲಿ ಸಂಗತಿ ಇನ್ನೂ ಮುಗಿದಿಲ್ಲ. ಪುಣೆಯ ಸಂಸ್ಥೆಯಲ್ಲಿ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಸಿದ್ಧಪಡಿಸಿದ ಲಸಿಕೆಯನ್ನು 1990ರಿಂದ ಮಲೆನಾಡಿನಲ್ಲಿ ನೀಡಲಾಯಿತು. ಆರಂಭದ ಕ್ಷೇತ್ರಪರೀಕ್ಷೆಯಲ್ಲಿ ಎರಡು ಸೂಜಿ ಹಾಕಿಸಿಕೊಂಡವರಿಗೆ ನೂರಕ್ಕೆ 93.5ರಷ್ಟು ರಕ್ಷಣೆ ಕಂಡುಬಂದಿತ್ತು. 2005ರಿಂದ 2010ರವರೆಗಿನ ಅನುಭವವನ್ನು ಲೆಕ್ಕಹಾಕಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಎರಡು ಸೂಜಿಗೆ 62.4, ಬೂಸ್ಟರನ್ನೂ ಪಡೆದವರಿಗೆ 82.9 ಎಂದಾಯಿತು. 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಕಾಯಿಲೆ ಮತ್ತೆ ಭುಗಿಲೆದ್ದಾಗ ನನ್ನ ಅಕ್ಕನ ಮಗ ದೂರವಾಣಿಯಲ್ಲಿ ಕೇಳಿದ: ‘ಮಾವ, ನೀವು ಪುಣೆಯಲ್ಲೇ ಇದ್ದೀರಲ್ಲ. ಆ ಇಂಜೆಕ್ಷನ್ ಕೆಲ್ಸ ಮಾಡ್ತದಾ ಇಲ್ವಾ, ಅದೊಂದು ಹೇಳಿ. ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಹಾಕಿಸ್ಕೊಂಡವರಿಗೂ ಬಂತಂತೆ.’

ಪ್ರಶ್ನೆಗೆ ಉತ್ತರ ಐದಾರು ವರ್ಷಗಳಿಂದ ಪ್ರಕಟವಾಗಿಯೇ ಇತ್ತು, ಇಂಗ್ಲಿಷಿನಲ್ಲಿ. ನಾನು ಆ ಪ್ರಬಂಧವನ್ನು ಮುಂದಿಟ್ಟುಕೊಂಡು ಅವನಿಗೆ ವಿವರಿಸಿದೆ: ಲಸಿಕೆಯಿಲ್ಲದ ನೂರು ಮಂದಿಗೆ ಜ್ವರ ಬರುವಂಥ ಕಡೆಯಲ್ಲಿ ಎರಡು ಸೂಜಿಯವರಾದರೆ ಸುಮಾರು 38 ಮಂದಿಗೆ ಬಂದೀತು, ಬೂಸ್ಟರ್ ಆದವರಾದರೆ 17 ಮಂದಿಗೆ. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ಐದು ವರ್ಷ. ಒಂದನ್ನು ಹಾಕಿಸಿಕೊಂಡು ನೋವೆಂದು ನಿಲ್ಲಿಸಿದರೆ ಈ ಲೆಕ್ಕ ನಿನಗೆ ಅನ್ವಯಿಸದು. ‘ಹಾಕಿಸಿಕೊಂಡವರಿಗೂ ಬಂತು’ ಎಂಬ ಮಾತೂ ನಿಜ, ‘ಹಾಕಿಸಿಕೊಳ್ಳುವುದು ಒಳ್ಳೆಯದು’ ಎಂಬ ಮಾತೂ ನಿಜ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನ ಹೀಗೆ ಯಾರೂ ಹೇಳಿರ್ಲಿಲ್ಲ ಮಾವ’ ಎಂದ. ಪಿಯುಸಿಯಲ್ಲಿ ವಿಜ್ಞಾನ ಓದಿದವನು ಅವನು. ಶೇಕಡಾವಾರು ಲೆಕ್ಕ ಬಾರದವನಲ್ಲ. ಆ ಲೆಕ್ಕವನ್ನು ತನ್ನ ಮೈಗೆ, ತನ್ನ ಕಾಡಿಗೆ ಹಚ್ಚಿ ನೋಡುವುದನ್ನು ಅವನಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಆರೋಗ್ಯ ಇಲಾಖೆಯ ಸಣ್ಣ ನೌಕರರು ಮನೆಮನೆಗೆ ನಡೆದು ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚಿದ್ದನ್ನು ನಾನು ಬಲ್ಲೆ. ಅವರ ಶ್ರಮವನ್ನು ಕಡೆಗಣಿಸಲಾರೆ. ‘ಹಚ್ಚಿಕೊಳ್ಳಿ, ಹಾಕಿಸಿಕೊಳ್ಳಿ’ ಎಂಬ ಆಜ್ಞಾರ್ಥಕ ಕ್ರಿಯಾಪದಗಳಷ್ಟೇ ಕನ್ನಡದಲ್ಲಿ ಹಳ್ಳಿಗೆ ತಲುಪಿದವು. ‘ಏಕೆ’ ಎಂಬುದು ಇಂಗ್ಲಿಷಿನಲ್ಲಿ ಪುಣೆಯಲ್ಲೇ ಉಳಿಯಿತು.

ಮುಂದೆ ಆ ಲಸಿಕೆಯ ಸತ್ತ್ವ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. 2024ರ ಆರಂಭದಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಜನ ಮತ್ತೆ ಸತ್ತರು, ಕೈಯಲ್ಲಿ ಲಸಿಕೆಯಿಲ್ಲದ ಹೊತ್ತಿನಲ್ಲಿ. ಕಾಯಿಲೆಯೂ ಈಗ ಸೊರಬ, ಸಾಗರಗಳದ್ದಾಗಿ ಉಳಿದಿಲ್ಲ. 2012-13ರಲ್ಲಿ ಬಂಡೀಪುರದ ಕಡೆ, ಬಳಿಕ ಕೇರಳದ ವಯನಾಡು, ಗೋವೆ, 2016ರ ವೇಳೆಗೆ ನಮ್ಮ ಈ ಮಹಾರಾಷ್ಟ್ರದ ಸಿಂಧುದುರ್ಗ. ರಾಜ್ಯಗಳ ಗಡಿಯನ್ನು ಕುರಿತು ನಾವು ನಡೆಸುವ ವಾದವಿವಾದಗಳು ಉಣುಗಿಗೆ ತಿಳಿದಂತಿಲ್ಲ. ಸಹ್ಯಾದ್ರಿ ಅದಕ್ಕೆ ಒಂದೇ ಕಾಡು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಲಸಿಕಾ ತಯಾರಿಕಾ ಸಂಸ್ಥೆಯೊಂದರ ಜತೆಗೂಡಿ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ. ಪುಣೆಯ ವೈರಾಣು, ಹೈದರಾಬಾದಿನ ಕಾರ್ಖಾನೆ, ದೆಹಲಿಯ ಅನುಮತಿ, ಮಲೆನಾಡಿನ ಮೈ. ಮೊದಲ ಮೂರು ಊರುಗಳಲ್ಲೂ ಕನ್ನಡ ಸಂಘಗಳಿವೆ. ಮನುಷ್ಯರ ಮೇಲೆ ಹೊಸ ಮದ್ದನ್ನು ಪರೀಕ್ಷಿಸುವಾಗ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರ ನೀಡಿ ಒಪ್ಪಿಗೆ ಪಡೆಯಬೇಕೆಂದು 2019ರ ಔಷಧ ಪರೀಕ್ಷಾ ನಿಯಮಗಳು ವಿಧಿಸುತ್ತವೆ. ಆದ್ದರಿಂದ ಇಂಥ ಪರೀಕ್ಷೆ ಮಲೆನಾಡಿಗೆ ಬಂದ ದಿನ ಎಲ್ಲೋ ಒಂದು ಕಡೆ ಒಬ್ಬರು ಕುಳಿತು ಆ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ಇಳಿಸಲೇಬೇಕಾಗುತ್ತದೆ. ಅಂತಹ ಪತ್ರಗಳನ್ನು ನಾನು ಕಂಡಿದ್ದೇನೆ. ‘ಪ್ರತಿಕೂಲ ಘಟನೆಗಳ ಸಂಭವನೀಯತೆಯು ನಗಣ್ಯವಾಗಿರುತ್ತದೆ’ ಎಂದು ಒಂದರಲ್ಲಿ ಬರೆದಿತ್ತು. ಉಣುಗು ಕಚ್ಚಿದ ಕೈಯಿಂದ ಅದಕ್ಕೆ ಹೆಬ್ಬೆಟ್ಟು ಒತ್ತಬೇಕಾದವಳು ಏನೆಂದು ತಿಳಿದುಕೊಳ್ಳಬೇಕು?

ನಮ್ಮ ಸಂಘದಲ್ಲಿ ಔಷಧ ಕಂಪನಿಗಳಲ್ಲಿ ದುಡಿಯುವವರಿದ್ದೀರಿ, ಪ್ರಯೋಗಾಲಯದಲ್ಲಿರುವವರಿದ್ದೀರಿ, ಬ್ಯಾಂಕಿನಿಂದ ನಿವೃತ್ತರಾಗಿ ಕನ್ನಡವನ್ನು ಚೊಕ್ಕವಾಗಿ ಬರೆಯಬಲ್ಲ ಹಿರಿಯರಿದ್ದೀರಿ. ಈ ಮೂರು ಬಗೆಯ ಜನ ಒಂದೇ ಮೇಜಿನ ಸುತ್ತ ಕುಳಿತು, ಮಂಗನ ಕಾಯಿಲೆಯ ಬಗ್ಗೆ ಇಂಗ್ಲಿಷಿನಲ್ಲಿರುವುದರಲ್ಲಿ ಹಳ್ಳಿಗೆ ಬೇಕಾದ ನಾಲ್ಕು ಪುಟವನ್ನು ಕನ್ನಡದಲ್ಲಿ ಬರೆಯಬೇಕೆಂದು ಕಾರ್ಯದರ್ಶಿಗಳಿಗೆ ಲಿಖಿತ ಸೂಚನೆ ಕೊಟ್ಟಿದ್ದೇನೆ. ಮೊದಲ ಕರಡನ್ನು ನಾನು ಬರೆಯುತ್ತೇನೆ. ಅದನ್ನು ಅರಳಗೋಡಿನ ಕಡೆಯವರಿಗೆ ಓದಿ ಹೇಳಿಸಿ, ಅವರಿಗೆ ತಿಳಿಯದ ಪದದ ಕೆಳಗೆ ಗೆರೆ ಎಳೆಸಿ ತರಿಸುವ ಹೊಣೆಯನ್ನು ಅಕ್ಕನ ಮಗ ವಹಿಸಿಕೊಂಡಿದ್ದಾನೆ. ಡಿಸೆಂಬರಿನೊಳಗೆ ಆಗಬೇಕು; ಎಳೆಯ ಉಣುಗುಗಳು ಕಾಯುವುದಿಲ್ಲ.